ಶುಶ್ರೂಷೆ ಎಂದರೆ ಕೇಳುವುದು

ಧರ್ಮಬಂಧುಗಳೇ, ತಾಯಂದಿರೇ, ಈಗತಾನೆ ಶಿಕ್ಷಣ ಮುಗಿಸಿ ಆಸ್ಪತ್ರೆಗಳ ಸೇವೆಗೆ ಹೊರಟಿರುವ ದಾದಿಯರೇ,

‘ಶುಶ್ರೂಷೆ’ ಎಂಬ ಶಬ್ದವನ್ನು ಎಲ್ಲರೂ ಬಳಸುತ್ತೇವೆ. ಕೇಳು ಎಂಬ ಅರ್ಥದ ‘ಶ್ರು’ ಧಾತುವಿಗೆ ಇಚ್ಛಾರ್ಥದ ಸನ್ ಪ್ರತ್ಯಯ ಸೇರಿ ಆದ ಶಬ್ದವದು. ಕೇಳಬೇಕೆಂಬ ಇಚ್ಛೆಯೇ ಶುಶ್ರೂಷೆ. ಸೇವೆಯೆಂಬ ಅರ್ಥ ಅದರಿಂದ ಬಂದುದು. ರೋಗಿಯ ಮಾತಿಗೆ ಕಿವಿಗೊಡದವರು ಎಷ್ಟು ದುಡಿದರೂ ಅದು ಶುಶ್ರೂಷೆಯಾಗದು.

ಚರಕಸಂಹಿತೆಯಲ್ಲಿ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳಿದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಿಗೆ ಉಪಚಾರದ ಅರಿವು, ದಕ್ಷತೆ, ಅನುರಾಗ, ಶುಚಿತ್ವ ಇರಬೇಕು. ಬರಿಯ ಅನುರಾಗ ಸಾಲದೆಂಬುದನ್ನು ಇಲ್ಲಿ ಮನಗಾಣಬೇಕು. ಕಣ್ಣೀರು ಯಾರಿಗಾದರೂ ಬಂದೀತು. ದಕ್ಷತೆಯನ್ನು ಕಲಿತೇ ಪಡೆಯಬೇಕು.

ನೀವು ಹೆಚ್ಚಾಗಿ ಕಲಿತದ್ದು ಬದುಕಿಸುವ ವಿದ್ಯೆ. ಆದರೆ ಮೊದಲ ರಾತ್ರಿ ಪಾಳಿಯಲ್ಲಿಯೇ ಸಾಯುತ್ತಿರುವವರ ಬಳಿ ನಿಲ್ಲಬೇಕಾದೀತು. ಆಗ ‘ಇನ್ನು ಮಾಡುವುದೇನೂ ಇಲ್ಲ’ ಎಂಬ ಮಾತು ಕಿವಿಗೆ ಬೀಳುತ್ತದೆ. ಅದು ಸುಳ್ಳು. ನೋವು ಎಷ್ಟೆಂದು ಸೊನ್ನೆಯಿಂದ ಹತ್ತರ ಅಳತೆಯಲ್ಲಿ ಕೇಳಿ ಬರೆದಿಡಬೇಕು. ವೈದ್ಯರು ಹೊತ್ತು ಗೊತ್ತುಮಾಡಿದ ಮಾರ್ಫಿನ್ನನ್ನು ನೋವು ಮರುಕಳಿಸುವ ತನಕ ಕಾಯದೆ ಕೊಡಬೇಕು. ಮಲಬದ್ಧತೆಯಾಗದಂತೆಯೂ ನೋಡಿಕೊಳ್ಳಬೇಕು. ಬೆನ್ನು ಹುಣ್ಣಾಗದಂತೆ ಮಗ್ಗುಲು ಬದಲಿಸಬೇಕು. ನುಂಗಲಾರದವರ ಬಾಯಿಗೆ ಬಂಧುಗಳು ನೀರು ಹಾಕಹೋದರೆ ಗದರಬೇಡಿ. ಅದು ಶ್ವಾಸನಾಳಕ್ಕೆ ಇಳಿದೀತೆಂದು ತಿಳಿಸಿ, ತುಟಿ ತೇವಗೊಳಿಸಲು ಒದ್ದೆ ಬಟ್ಟೆಯನ್ನು ಅವರ ಕೈಗೇ ಕೊಡಿ. ಉಸಿರು ನಿಂತು ನಿಂತು ಬರುವುದು, ಕೈಕಾಲು ತಣ್ಣಗಾಗುವುದು, ಗಂಟಲು ಗೊರಗುಟ್ಟುವುದು ಅಂತ್ಯದ ಲಕ್ಷಣಗಳು. ಮೊದಲೇ ಹೇಳಿದ್ದರೆ ಮನೆಯವರು ಅಷ್ಟಾಗಿ ಬೆದರುವುದಿಲ್ಲ.

ಇಂಗ್ಲೆಂಡಿನ ಸಿಸಿಲಿ ಸಾಂಡರ್ಸ್ ಮೊದಲು ದಾದಿಯಾಗಿದ್ದು ಅನಂತರ ವೈದ್ಯೆಯಾದವರು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದರು. ನೋವು ದೇಹದ್ದು ಮಾತ್ರವಲ್ಲ, ಮನಸ್ಸಿನದು, ಸಂಸಾರದ್ದು, ಆತ್ಮದ್ದೂ ಹೌದೆಂದು ತೋರಿಸಿದರು. ನಮ್ಮ ಬೆಂಗಳೂರಿನ ಕರುಣಾಶ್ರಯವು ವಾಸಿಯಾಗದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತದೆ. ಇದೂ ದಾಸೋಹವೇ.

‘ಸಿಸ್ಟರಮ್ಮಾ, ನಾನು ಉಳಿಯುತ್ತೇನೆಯೆ?’ ಎಂದು ರೋಗಿ ಕೇಳುತ್ತಾನೆ. ‘ಏನೂ ಆಗುವುದಿಲ್ಲ’ ಎಂದು ಓಡಬೇಡಿ. ‘ಯಾಕಜ್ಜಾ, ಹಾಗೇಕೆ ಅನಿಸಿತು?’ ಎಂದು ಪಕ್ಕದಲ್ಲಿ ಕುಳಿತುಕೊಳ್ಳಿ. ಭಕ್ತರೇ, ‘ಅಪ್ಪನಿಗೆ ಹೇಳಬೇಡಿ’ ಎಂದು ವೈದ್ಯರ ಬಾಯಿ ಕಟ್ಟುವವರು ನಾವೇ ಅಲ್ಲವೆ? ಅಪ್ಪನಿಗೆ ಹೇಗೂ ತಿಳಿದಿರುತ್ತದೆ. ಹೊಲದ ಮಾತು, ಸಾಲದ ಮಾತು, ಮುನಿದ ತಮ್ಮನನ್ನು ಕಾಣಬೇಕೆಂಬ ಆಸೆ, ಇವನ್ನೆಲ್ಲ ಅವನು ಯಾರಲ್ಲಿ ಹೇಳಬೇಕು? ನಮ್ಮ ಸುಳ್ಳು ಅವನನ್ನು ಒಂಟಿಯಾಗಿಸುತ್ತದೆ.

ಇನ್ನೊಂದು ಮಾತು. ಕೊರಳಿನ ಇಷ್ಟಲಿಂಗವನ್ನು ಕೇಳದೆ ತೆಗೆಯಬಾರದು. ನಮ್ಮಲ್ಲಿ ಕುಳ್ಳಿರಿಸಿ ಸಮಾಧಿ ಮಾಡುವ ಸಂಪ್ರದಾಯವುಂಟು. ದೇಹ ಸೆಡೆಯುವ ಮುನ್ನವೇ ಮನೆಯವರನ್ನು ಕೇಳಿಕೊಳ್ಳಿ. ಮುಸಲ್ಮಾನರಿಗೆ, ಕ್ರೈಸ್ತರಿಗೆ ಅವರವರ ಕ್ರಮವಿದೆ. ಅದನ್ನೂ ಇದೇ ಆದರದಿಂದ ಕೇಳಬೇಕು.

ಹಿರಿಯ ದಾದಿಯರಲ್ಲಿ ನಮ್ಮ ಅಪ್ಪಣೆಯೊಂದಿದೆ: ಮೊದಲ ಸಾವನ್ನು ಕಂಡ ಎಳೆಯ ಹುಡುಗಿಯನ್ನು ಒಂಟಿಯಾಗಿ ಬಿಡಬೇಡಿ. ಅವಳ ಮಾತನ್ನೂ ಕೇಳಿ. ಶರಣರು ಕಾಯಕದಲ್ಲಿ ಮೇಲು ಕೀಳೆಣಿಸಲಿಲ್ಲ. ಈ ಕಾಯಕ ಮಾಡುವ ಹೆಣ್ಣುಮಕ್ಕಳನ್ನು ಸಮಾಜ ಗೌರವದಿಂದ ಕಾಣಲಿ, ಅವರ ಕೈಗೆ ದಕ್ಷತೆಯೂ ಕಿವಿಗೆ ತಾಳ್ಮೆಯೂ ದೊರೆಯಲಿ ಎಂದು ಹರಸಿ ನಮ್ಮ ಮಾತಿಗೆ ವಿರಾಮ ಕೊಡುತ್ತೇವೆ.