ಔಷಧಿ ರಕ್ತವನ್ನು ಸೇರುವ ದಾರಿ
(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸ)



ನುಂಗಿದ ಮಾತ್ರೆ ನೇರವಾಗಿ ನೋಯುವ ಮಂಡಿಗೆ ಹೋಗುವುದಿಲ್ಲ. ನೋವು ಎಲ್ಲಿದೆಯೆಂಬುದು ಅದಕ್ಕೆ ತಿಳಿಯದು. ಮಾತ್ರೆ ಕರಗಿ, ಮುಖ್ಯವಾಗಿ ಸಣ್ಣಕರುಳಿನ ಒಳಗೋಡೆಯನ್ನು ದಾಟಿ ರಕ್ತವನ್ನು ಸೇರುತ್ತದೆ. ಆ ರಕ್ತವು ಮೊದಲು ತಲುಪುವುದು ಯಕೃತ್ತನ್ನು. ಯಕೃತ್ತು ಸುಂಕದ ಕಟ್ಟೆಯಿದ್ದಂತೆ. ಔಷಧಿಯ ಒಂದು ಪಾಲನ್ನು ಅಲ್ಲಿಯೇ ಒಡೆದುಹಾಕುತ್ತದೆ. ನೋವುನಿವಾರಕವಾದ ಡೈಕ್ಲೋಫಿನಾಕನ್ನು ನುಂಗಿದರೆ ಸುಮಾರು ಅರ್ಧದಷ್ಟು ಮಾತ್ರ ಈ ಕಟ್ಟೆಯನ್ನು ದಾಟುತ್ತದೆ. ಎದೆನೋವಿನ ಹೃದ್ರೋಗಿಗಳು ನೈಟ್ರೋಗ್ಲಿಸರಿನ್ ಮಾತ್ರೆಯನ್ನು ನುಂಗದೆ ನಾಲಿಗೆಯ ಕೆಳಗಿರಿಸಿಕೊಳ್ಳುವುದು ಈ ಸುಂಕವನ್ನು ತಪ್ಪಿಸಲೆಂದೇ. ಸ್ನಾಯುವಿಗೆ ಚುಚ್ಚಿದ ಔಷಧಿಯೂ ಕಟ್ಟೆಯನ್ನು ಬಳಸಿಕೊಂಡು ರಕ್ತಕ್ಕೆ ಇಳಿಯುತ್ತದೆ.

ರಕ್ತ ಸೇರಿದ ಔಷಧಿ ದೇಹವನ್ನೆಲ್ಲ ಸುತ್ತುತ್ತದೆ. ಯಕೃತ್ತು ಮತ್ತು ಮೂತ್ರಪಿಂಡಗಳು ಅದನ್ನು ಕ್ರಮೇಣ ಹೊರಹಾಕುತ್ತವೆ. ಅಷ್ಟರೊಳಗೆ ಪ್ರಾಣಿಯೇ ಸತ್ತರೆ ಔಷಧಿ ಎಲ್ಲಿಗೆ ಹೋಗುತ್ತದೆ?

ಈ ಪ್ರಶ್ನೆಗೆ ಉತ್ತರ ದೊರೆತದ್ದು ರಣಹದ್ದುಗಳ ಸಾವಿನಲ್ಲಿ. 1990ರ ದಶಕದ ಆರಂಭದಿಂದ 2007ರ ಹೊತ್ತಿಗೆ ಭಾರತದಲ್ಲಿ ಮೂರು ಜಾತಿಯ ರಣಹದ್ದುಗಳು ಶೇ. 95ಕ್ಕೂ ಹೆಚ್ಚು ನಶಿಸಿದವು. ಪಾಕಿಸ್ತಾನದಲ್ಲಿ ನಡೆದ ಸಂಶೋಧನೆಯೊಂದು 2004ರಲ್ಲಿ ಕಾರಣವನ್ನು ಪ್ರಕಟಿಸಿತು. ದನಗಳಿಗೆ ಚುಚ್ಚಿದ ಡೈಕ್ಲೋಫಿನಾಕ್ ಅವುಗಳ ಕಳೇಬರದಲ್ಲಿ ಉಳಿದಿರುತ್ತಿತ್ತು. ಆ ಮಾಂಸವನ್ನು ತಿಂದ ಹದ್ದಿನ ಕರುಳೂ ಅದನ್ನು ಹೀರಿ ರಕ್ತಕ್ಕೆ ಸೇರಿಸುತ್ತಿತ್ತು. ಮೂತ್ರಪಿಂಡ ಕೆಟ್ಟು, ಒಳ ಅಂಗಗಳ ಮೇಲೆ ಯೂರಿಕ್ ಆಮ್ಲ ಸುಣ್ಣದಂತೆ ಶೇಖರವಾಗಿ ಹಕ್ಕಿ ಸಾಯುತ್ತಿತ್ತು. ದನದ ನೋವು ನೀಗಿದ ಔಷಧಿಯೇ ಹದ್ದಿಗೆ ವಿಷವಾಯಿತು.

ಜಾನುವಾರುಗಳಿಗೆ ಈ ಔಷಧಿಯ ಬಳಕೆಯನ್ನು ಭಾರತ 2006ರಲ್ಲಿ ನಿಷೇಧಿಸಿತು. ಆದರೆ ಮನುಷ್ಯರಿಗೆಂದು ತಯಾರಾದ ದೊಡ್ಡ ಸೀಸೆಗಳು ಕೊಟ್ಟಿಗೆಯನ್ನು ಸೇರುತ್ತಲೇ ಇದ್ದವು. ಆದ್ದರಿಂದ 2015ರಲ್ಲಿ ಸೀಸೆಯ ಗಾತ್ರವನ್ನು 3 ಮಿ.ಲೀ.ಗೆ ಮಿತಗೊಳಿಸಲಾಯಿತು. ಹದ್ದುಗಳಿಗೆ ಅಪಾಯಕಾರಿಯಾದ ಕೀಟೋಪ್ರೊಫೆನ್, ಅಸಿಕ್ಲೋಫಿನಾಕ್‌ಗಳನ್ನೂ 2023ರಲ್ಲಿ ಜಾನುವಾರುಗಳಿಗೆ ನಿಷೇಧಿಸಲಾಯಿತು.

ಕರ್ನಾಟಕದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದು ಧಾಮವೆಂದು ಘೋಷಿತವಾಯಿತು. ಆದರೆ ಆಹಾರವನ್ನರಸುತ್ತ ಬಹುದೂರ ಹಾರುವ ಹಕ್ಕಿಗೆ ಧಾಮದ ಗಡಿ ತಿಳಿಯದು. ಅದರ ಅಳಿವು ಉಳಿವು ಪ್ರತಿ ಹಳ್ಳಿಯ ಕೊಟ್ಟಿಗೆಯಲ್ಲಿ ನಿರ್ಧಾರವಾಗುತ್ತದೆ.

ಆದುದರಿಂದ ಮನುಷ್ಯರ ಚುಚ್ಚುಮದ್ದನ್ನು ದನಕ್ಕೆ ಕೊಡಬಾರದು. ನೋವುನಿವಾರಕ ಬೇಕಾದಾಗ ಹದ್ದುಗಳಿಗೆ ಸುರಕ್ಷಿತವೆಂದು ಪರೀಕ್ಷಿತವಾದ ಮೆಲಾಕ್ಸಿಕ್ಯಾಮ್ ಕುರಿತು ಪಶುವೈದ್ಯರಲ್ಲಿ ವಿಚಾರಿಸಬೇಕು. ಔಷಧಿ ಪಡೆದ ಕೆಲವೇ ದಿನಗಳಲ್ಲಿ ದನ ಸತ್ತರೆ ಅದನ್ನು ಬಯಲಿಗೆಸೆಯದೆ ಆಳವಾಗಿ ಹೂಳಬೇಕು. ಒಂದು ದೇಹಕ್ಕೆ ಕೊಟ್ಟ ಔಷಧಿ ಆ ದೇಹದೊಂದಿಗೇ ಮುಗಿಯುತ್ತದೆಂದು ಯಾರೂ ಭಾವಿಸಲಾಗದು.