ಅಮ್ಮನ ಡ್ರಾಯರ್‌ನಲ್ಲಿದ್ದ ಮಾತ್ರೆ

ಈ ಕಾರ್ಯಕ್ರಮ ಕೇಳುವವರಲ್ಲಿ ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು, ಇಲ್ಲೇ ಅಮೆರಿಕದಲ್ಲಿ ಹುಟ್ಟಿ ಬೆಳೆದವರು ಎಂದು ರೇಡಿಯೋದವರು ಹೇಳಿದರು. ಹಾಗಾದರೆ ನಿಮ್ಮ ಅಮ್ಮಂದಿರಿಗೆ ನಲವತ್ತೈದರಿಂದ ಐವತ್ತೈದು ವಯಸ್ಸು ಇರಬೇಕು. ನಾನು ಮಾತಾಡಲು ಬಂದಿರುವುದು ಅವರ ವಿಷಯ, ಆದರೆ ನಿಮ್ಮ ಹತ್ತಿರ. ಅವರಾಗಿಯೇ ನಿಮಗೆ ಹೇಳುವುದು ಕಷ್ಟ. ನಾನೂ ನನ್ನ ಮಗಳಿಗೆ ಹೇಳಿರಲಿಲ್ಲ.

ನಾನು ಫಾರ್ಮಸಿಸ್ಟ್. ನ್ಯೂಜೆರ್ಸಿಯಲ್ಲಿ ಇಪ್ಪತ್ತು ವರ್ಷದಿಂದ ಔಷಧಿ ಕೌಂಟರಿನ ಹಿಂದೆ ನಿಂತಿದ್ದೇನೆ. ಮೂರು ವರ್ಷದ ಹಿಂದೆ ಥ್ಯಾಂಕ್ಸ್‌ಗಿವಿಂಗ್ ರಜೆಗೆ ಬಂದ ಮಗಳು ತಲೆನೋವಿನ ಮಾತ್ರೆ ಹುಡುಕುತ್ತಾ ನನ್ನ ಡ್ರಾಯರ್ ತೆಗೆದಳು. ಒಳಗೆ ವೆನ್ಲಾಫ್ಯಾಕ್ಸಿನ್ ಡಬ್ಬಿ ಇತ್ತು. ಫೋನಿನಲ್ಲಿ ಹೆಸರು ಹಾಕಿ ನೋಡಿದಳು. ಖಿನ್ನತೆ, ಆತಂಕ, ಆತ್ಮಹತ್ಯೆಯ ಯೋಚನೆ ಬರಬಹುದೆಂಬ ಎಚ್ಚರಿಕೆ. ನನ್ನನ್ನು ಏನೂ ಕೇಳಲಿಲ್ಲ, ಡ್ರಾಯರ್ ಮುಚ್ಚಿದಳು. ಕಾಲೇಜಿಗೆ ವಾಪಸು ಹೋದ ಮೇಲೆ ದಿನಾ ರಾತ್ರಿ ಫೋನ್ ಮಾಡತೊಡಗಿದಳು. "ಅಮ್ಮ, ಊಟ ಆಯ್ತಾ? ಒಬ್ಳೇ ಇದ್ದೀಯಾ?" ಮಗಳಿಗೆ ಅಂತೂ ಅಮ್ಮನ ನೆನಪಾಗುತ್ತಿದೆಯಲ್ಲ ಎಂದು ನಾನು ಖುಷಿಯಲ್ಲಿದ್ದೆ. ಜನವರಿಯಲ್ಲಿ, ಒಂದು ಸೆಮಿಸ್ಟರ್ ಬಿಟ್ಟು ಮನೆಗೆ ಬಂದು ಇರುತ್ತೇನೆ ಅಂದಳು. ಆಗ ವಿಷಯ ಹೊರಬಿತ್ತು.

ನನಗೆ ಖಿನ್ನತೆ ಇರಲಿಲ್ಲ. ಇದ್ದಿದ್ದರೂ ಅದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ, ಆದರೆ ಇರಲಿಲ್ಲ. ನನಗೆ ಇದ್ದದ್ದು ಹಾಟ್ ಫ್ಲಾಷ್.

ಊರಿನಲ್ಲಿ ನನ್ನ ಅಮ್ಮ ಇದನ್ನು "ಉಷ್ಣ" ಅನ್ನುತ್ತಿದ್ದರು. ಹಾಸನದ ಡಿಸೆಂಬರ್ ಚಳಿಯಲ್ಲೂ ನಡುರಾತ್ರಿ ಎದ್ದು, ಹಿತ್ತಲ ಬಾಗಿಲು ತೆಗೆದು, ಕಲ್ಲಿನ ಮೆಟ್ಟಿಲ ಮೇಲೆ ಕೂರುತ್ತಿದ್ದರು. ಬೆಳಗ್ಗೆ ನೆನೆಸಿದ ಮೆಂತ್ಯ, ಮಧ್ಯಾಹ್ನ ನೀರುಮಜ್ಜಿಗೆ, ನೆತ್ತಿಗೆ ಹರಳೆಣ್ಣೆ. ಇದು ಮುಟ್ಟು ನಿಲ್ಲುವ ಕಾಲದ ತೊಂದರೆ ಎಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ನಾನಂತೂ ಅವರಿಗೆ ನಿದ್ದೆ ಕಡಿಮೆ ಅಂದುಕೊಂಡಿದ್ದೆ.

ಆಗುವುದು ಇಷ್ಟು. ನಮ್ಮ ಮೆದುಳಿನಲ್ಲಿ ಹೈಪೋಥಲಮಸ್ ಅನ್ನುವ ಜಾಗವಿದೆ. ನಿಮ್ಮ ಮನೆಯ ಗೋಡೆಯ ಮೇಲಿರುವ ಥರ್ಮೋಸ್ಟಾಟ್ ಮಾಡುವ ಕೆಲಸವನ್ನೇ ಅದು ಮೈಗೆ ಮಾಡುತ್ತದೆ. ಮೈ ಬಿಸಿ ಸ್ವಲ್ಪ ಹೆಚ್ಚುಕಡಿಮೆಯಾದರೆ ಅದು ತಲೆ ಕೆಡಿಸಿಕೊಳ್ಳುವುದಿಲ್ಲ. ಈಸ್ಟ್ರೋಜನ್ ಇಳಿದಾಗ ಈ ತಾಳ್ಮೆ ಹೊರಟುಹೋಗುತ್ತದೆ. ಒಂದು ಡಿಗ್ರಿಯ ಚೂರು ಏರಿದರೂ ಮೈ ಕುದಿಯುತ್ತಿದೆ ಎಂದು ಗಾಬರಿಗೊಂಡು ಚರ್ಮದ ರಕ್ತನಾಳಗಳನ್ನೆಲ್ಲ ಅಗಲಿಸಿ ಬೆವರು ಸುರಿಸುತ್ತದೆ. ಮುಖ, ಕತ್ತು, ಎದೆ ಕೆಂಡವಾಗುತ್ತದೆ, ಎದೆ ಡವಡವ ಅನ್ನುತ್ತದೆ. ಕೆಲವು ನಿಮಿಷದ ಮೇಲೆ ಒದ್ದೆ ಬಟ್ಟೆಯಲ್ಲಿ ಚಳಿ. ರಾತ್ರಿಯಲ್ಲಿ ಇದು ನಾಲ್ಕೈದು ಸಲ ಆದರೆ ಮರುದಿನ ಅಮ್ಮ ಯಾಕೆ ಸಿಡುಕುತ್ತಾರೆ ಎಂದು ಬೇರೆ ಹೇಳಬೇಕಿಲ್ಲ. ಅಮೆರಿಕದ ಮಹಿಳೆಯರನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದ ಸ್ವಾನ್ ಎಂಬ ದೊಡ್ಡ ಅಧ್ಯಯನ 2015ರಲ್ಲಿ ಹೇಳಿದ್ದೇನೆಂದರೆ, ಪದೇ ಪದೇ ಹಾಟ್ ಫ್ಲಾಷ್ ಬರುವವರಲ್ಲಿ ಅರ್ಧದಷ್ಟು ಜನಕ್ಕೆ ಇದು 7.4 ವರ್ಷಕ್ಕೂ ಹೆಚ್ಚು ಕಾಲ ಇರುತ್ತದೆ. ಅಷ್ಟು ವರ್ಷ ಮಜ್ಜಿಗೆ ಕುಡಿದುಕೊಂಡು ಇರು ಅನ್ನುವುದು ನ್ಯಾಯವಲ್ಲ.

ಇದಕ್ಕೆ ಎಲ್ಲಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಈಸ್ಟ್ರೋಜನ್ ಹಾರ್ಮೋನೇ. ಇದರಲ್ಲಿ ಎರಡು ಮಾತಿಲ್ಲ. 2002ರಲ್ಲಿ ಒಂದು ದೊಡ್ಡ ಪ್ರಯೋಗವನ್ನು ಸ್ತನ ಕ್ಯಾನ್ಸರಿನ ಭಯದಿಂದ ಅರ್ಧಕ್ಕೇ ನಿಲ್ಲಿಸಿದಾಗ ಲಕ್ಷಾಂತರ ಹೆಂಗಸರು ಹಾರ್ಮೋನ್ ಬಿಟ್ಟರು. ಅರವತ್ತರೊಳಗಿನ ಆರೋಗ್ಯವಂತರಿಗೆ ಲಾಭವೇ ಹೆಚ್ಚು ಎಂದು ವೈದ್ಯರು ಈಗ ಹೇಳುತ್ತಾರೆ. ಆದರೆ ಸ್ತನ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟಿದ್ದವರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ. ನನಗೆ ಹಿಂದೊಮ್ಮೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಹಾಗಾಗಿ ಆ ಬಾಗಿಲು ನನಗೆ ಮುಚ್ಚಿತ್ತು.

ಖಿನ್ನತೆಯ ಮಾತ್ರೆ ಈ ಕೆಲಸಕ್ಕೆ ಬಂದದ್ದೂ ಇಂಥವರಿಂದಲೇ. ಸ್ತನ ಕ್ಯಾನ್ಸರಿನಿಂದ ಪಾರಾದ, ಹಾರ್ಮೋನ್ ತೆಗೆದುಕೊಳ್ಳಲಾಗದ ಹೆಂಗಸರ ಮೇಲೆ ಮೇಯೋ ಕ್ಲಿನಿಕ್ಕಿನ ಚಾರ್ಲ್ಸ್ ಲಾಪ್ರಿಂಜಿ ಮತ್ತು ಜೊತೆಗಾರರು ವೆನ್ಲಾಫ್ಯಾಕ್ಸಿನ್ ಪರೀಕ್ಷಿಸಿ 2000ದಲ್ಲಿ ಪ್ರಕಟಿಸಿದರು. ನಾಲ್ಕು ವಾರದಲ್ಲಿ, 75 ಮಿಲಿಗ್ರಾಂ ತೆಗೆದುಕೊಂಡವರ ಹಾಟ್ ಫ್ಲಾಷ್ ಕಾಟ 61% ಇಳಿದಿತ್ತು, ಔಷಧಿಯಿಲ್ಲದ ಹುಸಿ ಮಾತ್ರೆ ನುಂಗಿದವರದು 27%. ಸೆರೊಟೋನಿನ್, ನಾರ್‌ಎಪಿನೆಫ್ರಿನ್ ಎಂಬ ರಾಸಾಯನಿಕಗಳು ಮನಸ್ಸಿನ ಜೊತೆಗೆ ಆ ಥರ್ಮೋಸ್ಟಾಟಿಗೂ ಬೇಕು. ಖಿನ್ನತೆಗೆ ಈ ಮಾತ್ರೆ ಹಿಡಿಯಲು ನಾಲ್ಕಾರು ವಾರ ಬೇಕಾದರೆ, ಹಾಟ್ ಫ್ಲಾಷಿಗೆ ಒಂದೆರಡು ವಾರ ಸಾಕು. 2013ರಲ್ಲಿ ಎಫ್‌ಡಿಎ ಪ್ಯಾರಾಕ್ಸಿಟಿನ್ ಮಾತ್ರೆಯನ್ನು 7.5 ಮಿಲಿಗ್ರಾಂ ಪ್ರಮಾಣದಲ್ಲಿ ಹಾಟ್ ಫ್ಲಾಷಿಗೆಂದೇ ಒಪ್ಪಿತು. ಖಿನ್ನತೆಗೆ ಶುರು ಮಾಡುವುದೇ 20ರಿಂದ. ಲಾಭ ಸಣ್ಣದು ಎಂದು ಎಫ್‌ಡಿಎಯ ಸಲಹಾ ಸಮಿತಿಯಲ್ಲಿ ಹೆಚ್ಚಿನವರು ಬೇಡ ಅಂದಿದ್ದರು. ಅವರ ಮಾತೂ ಪೂರ್ತಿ ಸುಳ್ಳಲ್ಲ. ಎಸಿಟಲೋಪ್ರಾಮ್ ಎಂಬ ಇನ್ನೊಂದರ ಪರೀಕ್ಷೆಯಲ್ಲಿ ಮಾತ್ರೆಯವರಿಗೆ 47%, ಹುಸಿ ಮಾತ್ರೆಯವರಿಗೆ 33% ಇಳಿಕೆ. ಪವಾಡವೇನಲ್ಲ. ಆದರೆ ರಾತ್ರಿ ಐದು ಸಲ ಏಳುತ್ತಿದ್ದ ನಾನು ಎರಡು ಸಲಕ್ಕೆ ಬಂದೆ, ನನಗೆ ಅದು ಸಾಕಾಗಿತ್ತು. 2023ರಿಂದ ಫೆಜೊಲಿನೆಟಂಟ್ ಎಂಬ ಬೇರೆ ಜಾತಿಯ ಮಾತ್ರೆಯೂ ಬಂದಿದೆ. ಅದು ಖಿನ್ನತೆಯ ಔಷಧಿಯಲ್ಲ, ಆದರೆ ದುಬಾರಿ, ಲಿವರ್ ಪರೀಕ್ಷೆ ಮಾಡಿಸುತ್ತಿರಬೇಕು.

ಇನ್ನು ನನ್ನ ಮಗಳು ಓದಿ ಹೆದರಿದ ಆ ಎಚ್ಚರಿಕೆ. ಆತ್ಮಹತ್ಯೆಯ ಯೋಚನೆ ಹೆಚ್ಚುವ ಅಪಾಯ ಕಂಡುಬಂದದ್ದು ಮಕ್ಕಳಲ್ಲಿ ಮತ್ತು 24 ವರ್ಷದವರೆಗಿನ ಯುವಕರಲ್ಲಿ. ಅಂದರೆ ಅದು ನನಗಿಂತ ಹೆಚ್ಚಾಗಿ ಅವಳ ವಯಸ್ಸಿನವರಿಗೆ ಬರೆದದ್ದು!

ಮುಚ್ಚಿಟ್ಟದ್ದೇಕೆ ಎಂದು ಮಗಳು ಕೇಳಿದಳು. ಕನ್ನಡ ಕೂಟದಲ್ಲಿ "ತಲೆ ಮಾತ್ರೆ" ಅಂತಾರೆ, ಅತ್ತೆಯವರು ಬಂದಿದ್ದರು, ಹೀಗೆ ಏನೇನೋ ಹೇಳಿದೆ. ನಾಚಿಕೆಯಾಗಿ ಮರುದಿನದಿಂದ ಮಾತ್ರೆ ನುಂಗುವುದನ್ನೇ ನಿಲ್ಲಿಸಿಬಿಟ್ಟೆ. ಥಟ್ಟನೆ ನಿಲ್ಲಿಸಬೇಡಿ, ಡಾಕ್ಟರ್ ಹೇಳಿದಂತೆ ನಿಧಾನವಾಗಿ ಇಳಿಸಿ ಎಂದು ದಿನಕ್ಕೆ ಹತ್ತು ಜನಕ್ಕೆ ಹೇಳುವವಳು ನಾನು! ಎರಡನೇ ದಿನ ತಲೆ ತಿರುಗಿತು, ವಾಕರಿಕೆ, ಕಣ್ಣು ಹೊರಳಿಸಿದರೆ ತಲೆಯೊಳಗೆ ಕರೆಂಟ್ ಹೊಡೆದಂತೆ. ಮತ್ತೆ ಶುರು ಮಾಡಿದೆ.

ಇದಾದ ಕೆಲವು ತಿಂಗಳಿಗೆ ಕೌಂಟರಿಗೆ ಒಬ್ಬ ಕನ್ನಡದ ಹೆಂಗಸು ಬಂದರು. ಕೊಟ್ಟ ಚೀಟಿ ಓದಿ, ಡಬ್ಬಿ ವಾಪಸು ತಳ್ಳಿ, "ನಂಗೇನು ಹುಚ್ಚು ಹಿಡಿದಿದ್ಯೇನ್ರಿ?" ಅಂದರು. ಆಸ್ಪಿರಿನ್ ತಲೆನೋವಿಗೂ ಕೊಡ್ತಾರೆ, ಹೃದಯಕ್ಕೂ ಕೊಡ್ತಾರೆ, ಇದೂ ಹಾಗೇ ಎಂದು ವಿವರಿಸಿದೆ. "ನಾನೂ ಇದನ್ನೇ ತಗೋತೀನಿ" ಎಂಬ ಒಂದು ಮಾತು ಮಾತ್ರ ಬಾಯಿಗೆ ಬರಲಿಲ್ಲ. ಹಿಂದೆ ನಾಲ್ಕು ಜನ ಸಾಲಿನಲ್ಲಿದ್ದರು. ಅವರು ಮಾತ್ರೆ ಬಿಟ್ಟುಹೋದರು, ಮತ್ತೆ ಬರಲಿಲ್ಲ.

ಆದ್ದರಿಂದ ಇವತ್ತು ಹೇಳುತ್ತಿದ್ದೇನೆ. ಅಮ್ಮನ ಡ್ರಾಯರ್‌ನಲ್ಲಿ ಇಂಥ ಡಬ್ಬಿ ಕಂಡರೆ ಫೋನನ್ನು ಕೇಳಬೇಡಿ, ಅಮ್ಮನನ್ನು ಕೇಳಿ. "ಅಮ್ಮ, ಇದು ಯಾತಕ್ಕೆ?" ಅಷ್ಟು ಕನ್ನಡ ಸಾಕು. ಉತ್ತರ ಖಿನ್ನತೆ ಎಂದೇ ಬಂದರೂ ಕೇಳಿದ್ದು ಒಳ್ಳೆಯದೇ ಆಯಿತು. "ಉಷ್ಣ ಕಣೋ" ಅಂದರೆ ಅರ್ಥ ನಿಮಗೀಗ ಗೊತ್ತು. ಅವರಿಗೆ ಸ್ತನ ಕ್ಯಾನ್ಸರಿಗೆ ಟ್ಯಾಮಾಕ್ಸಿಫೆನ್ ನಡೆಯುತ್ತಿದ್ದು, ಡಬ್ಬಿಯ ಮೇಲೆ ಪ್ಯಾರಾಕ್ಸಿಟಿನ್ ಎಂದಿದ್ದರೆ, ಅವತ್ತೇ ಡಾಕ್ಟರಿಗೋ ಫಾರ್ಮಸಿಗೋ ಫೋನ್ ಮಾಡಿಸಿ. ಟ್ಯಾಮಾಕ್ಸಿಫೆನ್ ಕೆಲಸ ಮಾಡಲು ಲಿವರಿನಲ್ಲಿ ಬದಲಾಗಬೇಕು, ಪ್ಯಾರಾಕ್ಸಿಟಿನ್ ಅದಕ್ಕೆ ಅಡ್ಡ ಬರುತ್ತದೆ. ವೆನ್ಲಾಫ್ಯಾಕ್ಸಿನ್ ಆದರೆ ಆ ತೊಂದರೆ ಬಹಳ ಕಡಿಮೆ, ಆದರೆ ಬಿಪಿ ನೋಡಿಸುತ್ತಿರಬೇಕು.

ನನ್ನ ಮಗಳು ಸೆಮಿಸ್ಟರ್ ಬಿಡಲಿಲ್ಲ. ರಜೆಗೆ ಬಂದಾಗ ಥರ್ಮೋಸ್ಟಾಟನ್ನು 65ಕ್ಕೆ ಇಳಿಸಿ, ತಾನು ಎರಡು ಸ್ವೆಟರ್ ಹಾಕಿಕೊಂಡು ಸೋಫಾದ ಮೇಲೆ ಕೂರುತ್ತಾಳೆ.