ಹಿತ್ತಾಳೆಗೆ ಉಸಿರಾದವರು
(ವಾದ್ಯತಂಡದ ಸುವರ್ಣೋತ್ಸವದ ಸಂಗೀತ ಸಂಜೆಯಲ್ಲಿ ವಿಚಾರಣಾ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯಕ್ಕೆ ನೂರು ತುಂಬಿದ ಈ ಶುಭವರ್ಷದಲ್ಲಿಯೇ ನಮ್ಮ ಬ್ಯಾಂಡ್ ತಂಡಕ್ಕೂ ಐವತ್ತು ತುಂಬಿದೆ. ಇದೀಗ ಅವರ ವಾದನವನ್ನು ಆಲಿಸಿ ನಾವೆಲ್ಲರೂ ಹರ್ಷಿಸಿದ್ದೇವೆ. ಆದರೆ ಅಭಿನಂದಿಸುವುದಕ್ಕೆ ಮೊದಲು ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ.

ನಾವು ಈ ಧರ್ಮಕೇಂದ್ರಕ್ಕೆ ಬಂದ ಮೊದಲ ವರ್ಷ, ಹಬ್ಬದ ಬಲಿಪೂಜೆಯಲ್ಲಿ ನುಡಿಸಲು ತಂಡದ ಹಿರಿಯರೊಬ್ಬರು ಅಪ್ಪಣೆ ಕೇಳಿದರು. “ನಿಮ್ಮ ವಾದ್ಯ ತೇರಿನ ಬೀದಿಗೆ ಸರಿ, ಬಲಿಪೀಠದ ಬಳಿ ಸಲ್ಲದು” ಎಂದೆವು. “ಆಗಲಿ ಸ್ವಾಮಿ” ಎಂದು ಅವರು ಕೈಮುಗಿದು ಹೊರಟುಹೋದರು. ಜಗದ್ಗುರು ಸಂತ ಹತ್ತನೆಯ ಪಿಯೂಸರು 1903ರಲ್ಲಿ ದೇವಾಲಯದೊಳಗೆ ಬ್ಯಾಂಡನ್ನು ನಿಷೇಧಿಸಿದ್ದು ನಮ್ಮ ನೆನಪಿನಲ್ಲಿತ್ತು. ಆದರೆ ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ, ಪೈಪ್ ಆರ್ಗನ್ನಿಗೆ ಅಗ್ರಸ್ಥಾನವನ್ನು ಉಳಿಸಿಯೂ, ಆರಾಧನೆಗೆ ಒಪ್ಪುವ ಇತರ ವಾದ್ಯಗಳನ್ನು ಧರ್ಮಸಭೆಯ ಅಧಿಕಾರಿಗಳ ಸಮ್ಮತಿಯಿಂದ ಬಳಸಬಹುದೆಂದು ಸಾರಿತ್ತು. ಗುರುಮಠದಲ್ಲಿ ನಾವು ಎರಡನ್ನೂ ಓದಿದ್ದೆವು, ನಿಷೇಧವೊಂದನ್ನೇ ನೆನಪಿಟ್ಟುಕೊಂಡೆವು.

ಆ ಮಳೆಗಾಲದಲ್ಲಿ ಕೂಲಿ ಮಾಡುತ್ತಿದ್ದ ಒಬ್ಬ ಬಡವರು ತೀರಿಕೊಂಡರು. ಶವಪೆಟ್ಟಿಗೆಯ ಹಿಂದೆ ಮನೆಯವರು ಮೂವರೇ. ಅಷ್ಟರಲ್ಲಿ ಅದೇ ಹಿರಿಯರು ಕಾರ್ನೆಟ್ ಹಿಡಿದು, ತಂಡದ ಹನ್ನೆರಡು ಮಂದಿಯೊಡನೆ ಕರೆಯದೆಯೇ ಬಂದರು. ಸುರಿಯುವ ಮಳೆಯಲ್ಲಿ ಸಮಾಧಿ ಸ್ಥಳದವರೆಗೂ ನುಡಿಸುತ್ತ ನಡೆದರು. ಬಿಡಿಗಾಸನ್ನೂ ಮುಟ್ಟಲಿಲ್ಲ. ಅಂದು ಪ್ರವಚನ ನೀಡಿದವರು ನಾವಲ್ಲ, ಅವರು. ಧರ್ಮಾಧ್ಯಕ್ಷರ ಸಮ್ಮತಿ ಪಡೆದು, ಮುಂದಿನ ಹಬ್ಬಕ್ಕೆ ನಾವೇ ಅವರ ಮನೆಗೆ ಹೋಗಿ ಕರೆದೆವು.

ಸಂಖ್ಯಾಕಾಂಡದ ಹತ್ತನೆಯ ಅಧ್ಯಾಯದಲ್ಲಿ ಎರಡು ಬೆಳ್ಳಿಯ ತುತೂರಿಗಳನ್ನು ಮಾಡಿಸಬೇಕೆಂದು ದೇವರು ಮೋಶೆಗೆ ಆಜ್ಞಾಪಿಸುತ್ತಾರೆ. ಅವು ಜನರನ್ನು ಒಟ್ಟುಗೂಡಿಸಲು, ಪಾಳೆಯವನ್ನು ಹೊರಡಿಸಲು, ಹಬ್ಬಗಳಲ್ಲಿ ಬಲಿಯ ವೇಳೆ ಊದಲು. ಕೂಡಿಸುವುದು, ಒಟ್ಟಾಗಿ ನಡೆಸುವುದು, ಆರಾಧನೆಗೆ ದನಿಯಾಗುವುದು: ನಮ್ಮ ತಂಡವು ಐವತ್ತು ವರ್ಷ ಮಾಡಿದ್ದೂ ಇದನ್ನೇ.

ಹಿತ್ತಾಳೆಯ ವಾದ್ಯಕ್ಕೆ ತಂತಿಯಿಲ್ಲ, ಬಡಿಯಲು ಚರ್ಮವಿಲ್ಲ. ಊದುವವರ ತುಟಿಗಳ ಕಂಪನವೇ ಕೊಳವೆಯೊಳಗೆ ನಾದವಾಗುತ್ತದೆ. ಮನುಷ್ಯನ ಉಸಿರು ಸೇರದಿದ್ದರೆ ಅದು ಬರಿಯ ಲೋಹ. ಮಣ್ಣಿನ ಗೊಂಬೆಗೆ ಜೀವಶ್ವಾಸವನ್ನು ಊದಿದ ಸೃಷ್ಟಿಕರ್ತರನ್ನು ಇದು ನೆನಪಿಸುವುದಿಲ್ಲವೇ?

ಆ ಹಿರಿಯರು ಇಂದು ನಮ್ಮೊಡನಿಲ್ಲ. ಹನ್ನೆರಡು ಮಂದಿಯಿದ್ದ ತಂಡದಲ್ಲಿ ಈಗ ಏಳು ಮಂದಿ ಉಳಿದಿದ್ದಾರೆ. ಅವರಲ್ಲಿ ಹೆಚ್ಚಿನವರ ತಲೆ ನರೆತಿದೆ. ಯುವಕ ಯುವತಿಯರೇ, ಬರುವ ಭಾನುವಾರ ಪೂಜೆಯ ನಂತರ ಇವರು ಕಲಿಸಲು ಕುಳಿತಿರುತ್ತಾರೆ. ತಂದೆತಾಯಿಗಳೇ, ಮಕ್ಕಳನ್ನು ಕಳುಹಿಸಿರಿ. ಆ ಹಿರಿಯರ ಕಾರ್ನೆಟ್ ದೇವಾಲಯದ ಬೀರುವಿನಲ್ಲಿದೆ. ಅದಕ್ಕೆ ನಿಮ್ಮ ಉಸಿರು ಬೇಕಾಗಿದೆ.

ದೇವರು ನಿಮ್ಮೆಲ್ಲರನ್ನೂ ಹರಸಲಿ.